ಮದ್‌ಯನ್‌ನಿಂದ ಮರಳುವ ದಾರಿ

ಪವಿತ್ರ ಕುರ್‌ಆನಿನ ‘ತಾಹಾ’ ಅಧ್ಯಾಯವನ್ನು ನೀವು ಎಷ್ಟೋ ಬಾರಿ ಪಾರಾಯಣ ಮಾಡಿರುವಿರಿ. ಇಂದು ಅದರ 40ನೆಯ ಸೂಕ್ತದ ಬಳಿ ಸ್ವಲ್ಪ ಹೊತ್ತು ನಿಲ್ಲೋಣ. ತೂರ್ ಪರ್ವತದ ಬಳಿ ಅಲ್ಲಾಹನು ಹಝ್ರತ್ ಮೂಸಾ(ಅ)ರನ್ನು ಪ್ರವಾದಿತ್ವದ ಹೊಣೆಗೆ ಆರಿಸಿಕೊಂಡು, ಅವರ ಹಿಂದಿನ ಬದುಕನ್ನು ಅವರಿಗೇ ನೆನಪಿಸುವ ಸಂದರ್ಭವದು. ತಾಯಿಯ ಕಣ್ಣು ತಂಪಾಗಲೆಂದು, ಆಕೆ ದುಃಖಿಸದಿರಲೆಂದು, ಶಿಶುವಾಗಿದ್ದ ಅವರನ್ನು ಆಕೆಯ ಬಳಿಗೆ ಮರಳಿಸಿದ್ದನ್ನು ಅಲ್ಲಾಹನು ಹೇಳುತ್ತಾನೆ. ಅದರ ಬೆನ್ನಿಗೇ ಅವರ ಕೈಯಿಂದ ಒಬ್ಬನ ಪ್ರಾಣ ಹೋದದ್ದನ್ನು ಹೇಳುತ್ತಾನೆ. ಆ ವ್ಯಥೆಯಿಂದ ಅವರನ್ನು ಪಾರು ಮಾಡಿದ್ದನ್ನು, ಹಲವು ಪರೀಕ್ಷೆಗಳಿಗೆ ಒಳಪಡಿಸಿದ್ದನ್ನು, ಮದ್‌ಯನ್‌ನ ಜನರ ನಡುವೆ ಅವರು ವರ್ಷಗಳನ್ನು ಕಳೆದದ್ದನ್ನು, ಕೊನೆಗೆ ನಿಗದಿತ ಘಳಿಗೆಗೆ ಸರಿಯಾಗಿ ಬಂದು ತಲುಪಿದ್ದನ್ನು ಹೇಳುತ್ತಾನೆ.

ಒಂದೇ ಸೂಕ್ತದಲ್ಲಿ ತಾಯಿಯ ಮಡಿಲಿದೆ, ಒಂದು ಸಾವಿದೆ, ಎದೆಯ ಭಾರವಿದೆ, ಪರವೂರಿನ ವರ್ಷಗಳಿವೆ, ಮರಳುವ ಘಳಿಗೆಯೂ ಇದೆ. ಈ ಐದೂ ಸೇರಿದ ಬದುಕು ನಮ್ಮ ನಡುವೆಯೂ ಇದೆ. ಅಂತಹವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಮದುವೆಯ ಮನೆಯಿಂದ ರಾತ್ರಿ ಹೊತ್ತು ಮರಳುವಾಗ ವಾಹನ ನಡೆಸುತ್ತಿದ್ದವನ ಕಣ್ಣು ಒಂದು ಕ್ಷಣ ಮುಚ್ಚುತ್ತದೆ. ಪಕ್ಕದಲ್ಲಿ ಕುಳಿತಿದ್ದ ತಮ್ಮ ಮನೆ ತಲುಪುವುದಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿತೆಂದು ಒಳಗೆ ಓಡಿದ ಹೆಣ್ಣುಮಗಳು ಮರಳಿ ಅಂಗಳಕ್ಕೆ ಬರುವಷ್ಟರಲ್ಲಿ, ಆಡುತ್ತಿದ್ದ ಮಗು ಬಾವಿಯ ಪಾಲಾಗಿರುತ್ತದೆ. ಜನಾಝಾ ಮುಗಿಯುತ್ತದೆ, ಸಂತಾಪಕ್ಕೆ ಬಂದವರು ಹೋಗುತ್ತಾರೆ. ಆಮೇಲೆ ಆ ಅಣ್ಣ ವೀಸಾ ಮಾಡಿಸಿಕೊಂಡು ಗಲ್ಫಿಗೆ ಹೋಗಿಬಿಡುತ್ತಾನೆ. ತಿಂಗಳು ತಿಂಗಳು ತಪ್ಪದೆ ಹಣ ಕಳುಹಿಸುತ್ತಾನೆ. ತಂಗಿಯ ಮದುವೆಗೆ ಚಿನ್ನ ಬರುತ್ತದೆ, ಅವನು ಬರುವುದಿಲ್ಲ. ಎರಡು ಪೆರ್ನಾಳ್‌ಗೂ ಫೋನು ಬರುತ್ತದೆ. ಉಮ್ಮ ಅಳತೊಡಗಿದರೆ ಸಂಪರ್ಕ ಕಡಿಯುತ್ತದೆ. ಆ ಹೆಣ್ಣುಮಗಳೂ ತವರಿಗೆ ಹೋದವಳು ಗಂಡನ ಮನೆಯ ಅಂಗಳಕ್ಕೆ ಮತ್ತೆ ಕಾಲಿಡಲಾರಳು. ಅವನಿಗೆ ಊರು ಬೇಡವಾಗಿದೆ, ಅವಳಿಗೆ ಸಂಸಾರ ಬೇಡವಾಗಿದೆ ಎಂದು ಜನರು ಹೇಳುತ್ತಾರೆ. ನಿಜವೇನೆಂದರೆ ಅವರಿಗೆ ಅವರೇ ಬೇಡವಾಗಿದ್ದಾರೆ.

ಸಹೋದರರೇ, ಸಹೋದರಿಯರೇ, ಇಂತಹ ಭಾರವನ್ನು ಹೊತ್ತವರು ನೀವಾಗಿದ್ದರೆ, ಅಥವಾ ನಿಮ್ಮ ಮನೆಯಲ್ಲಿ ಇಂತಹವರೊಬ್ಬರು ಇದ್ದರೆ, ಮೂಸಾ(ಅ)ರ ಚರಿತ್ರೆ ನಿಮ್ಮೊಂದಿಗೆ ಮಾತನಾಡುತ್ತದೆ.

ಕ್ಷಮೆ ಯಾರ ಕೈಯಲ್ಲಿದೆ?

ಫಿರ್‌ಔನನ ಪಟ್ಟಣದಲ್ಲಿ ಇಬ್ಬರು ಕಾದಾಡುತ್ತಿದ್ದರು. ಒಬ್ಬನು ಮೂಸಾ(ಅ)ರ ಜನಾಂಗದವನು, ಇನ್ನೊಬ್ಬನು ಶತ್ರು ಪಕ್ಷದವನು. ತನ್ನವನು ನೆರವಿಗಾಗಿ ಕೂಗಿದಾಗ ಮೂಸಾ(ಅ) ಮುಷ್ಟಿಯಿಂದ ಒಂದು ಗುದ್ದು ಕೊಟ್ಟರು. ಆ ಒಂದೇ ಗುದ್ದಿಗೆ ಎದುರಾಳಿಯ ಪ್ರಾಣ ಹೋಯಿತು. ಕೈಯಲ್ಲಿ ಆಯುಧವಿರಲಿಲ್ಲ, ಮನದಲ್ಲಿ ಕೊಲ್ಲುವ ಉದ್ದೇಶವಿರಲಿಲ್ಲ. ಇದು ಅವರಿಗೆ ಪ್ರವಾದಿತ್ವ ದೊರೆಯುವುದಕ್ಕೆ ಮುಂಚಿನ ಘಟನೆ.

ಆಗ ಅವರು ಏನು ಮಾಡಿದರು? ಅವನೇ ಮೊದಲು ಜಗಳ ತೆಗೆದ ಎಂದು ಸತ್ತವನ ಮೇಲೆ ತಪ್ಪು ಹೊರಿಸಲಿಲ್ಲ. ನಾನು ಬದುಕಲು ಯೋಗ್ಯನಲ್ಲ ಎಂದು ತಮ್ಮನ್ನು ತಾವೇ ತಳ್ಳಿಹಾಕಲೂ ಇಲ್ಲ. ಇದು ಶೈತಾನನ ಕೆಲಸವೆಂದು ಗುರುತಿಸಿದರು. ನನ್ನ ಮೇಲೆ ನಾನೇ ಅಕ್ರಮವೆಸಗಿಕೊಂಡೆನೆಂದು ಒಡೆಯನ ಮುಂದೆ ಒಪ್ಪಿಕೊಂಡು ಕ್ಷಮೆ ಬೇಡಿದರು. ಅಲ್ಲಾಹನು ಅವರನ್ನು ಕ್ಷಮಿಸಿದನೆಂದು ಅದೇ ಸೂಕ್ತದಲ್ಲಿ ಹೇಳಲಾಗಿದೆ (ಅಲ್ ಕಸಸ್: 16). ಬೇಡಿಕೆಗೂ ಕ್ಷಮೆಗೂ ನಡುವೆ ಒಂದು ಸೂಕ್ತದ ಅಂತರವೂ ಇಲ್ಲ.

‘ನನ್ನನ್ನು ನಾನು ಕ್ಷಮಿಸಿಕೊಳ್ಳಲಾರೆ’ ಎಂಬ ಮಾತನ್ನು ಇಂದು ನಾವು ಪದೇ ಪದೇ ಕೇಳುತ್ತೇವೆ. ಕೇಳಲು ಅದು ವಿನಯದ ಮಾತಿನಂತಿದೆ. ಆದರೆ ಅದರೊಳಗೆ ಒಂದು ಅಪಾಯ ಅಡಗಿದೆ. ಕ್ಷಮೆ ಅಲ್ಲಾಹನ ಕೈಯಲ್ಲಿದೆ. ಅವನು ಕ್ಷಮಿಸಿದ ಮೇಲೂ ನಾನು ಕ್ಷಮಿಸಲಾರೆ ಎಂದು ದಾಸನು ಹಟ ಹಿಡಿದರೆ, ತನ್ನ ತೀರ್ಪನ್ನು ಒಡೆಯನ ತೀರ್ಪಿಗಿಂತ ಮೇಲಿಟ್ಟಂತಾಗಲಿಲ್ಲವೇ? ತಮ್ಮ ಮೇಲೆಯೇ ಅತಿರೇಕ ಎಸಗಿಕೊಂಡವರನ್ನು ಅಲ್ಲಾಹನು ‘ನನ್ನ ದಾಸರು’ ಎಂದೇ ಸಂಬೋಧಿಸಿ, ತನ್ನ ಕಾರುಣ್ಯದ ಬಗ್ಗೆ ನಿರಾಶರಾಗಬಾರದೆಂದು ಆದೇಶಿಸುತ್ತಾನೆ (ಅಝ್ಝುಮರ್: 53). ನಮಾಝ್, ಉಪವಾಸಗಳ ಆದೇಶದಂತೆ ಇದೂ ಒಂದು ಆದೇಶವೆಂಬುದು ನೆನಪಿರಲಿ. ಪಶ್ಚಾತ್ತಾಪ ಪಟ್ಟವನಿಗೆ ನಿರಾಶನಾಗುವ ಹಕ್ಕಿಲ್ಲ.

ತೀರಿಸಬೇಕಾದ ಹಕ್ಕುಗಳು

ಹಾಗೆಂದು, ಅಲ್ಲಾಹನು ಕ್ಷಮಿಸುವವನು ತಾನೇ ಎಂದು ಕೈ ತೊಳೆದುಕೊಂಡು ಕುಳಿತರೆ ಅದು ತೌಬಾ ಅಲ್ಲ. ಪ್ರಮಾದದಿಂದ ಒಂದು ಪ್ರಾಣ ಹೋದರೆ ಏನು ಮಾಡಬೇಕೆಂದು ‘ಅನ್ನಿಸಾ’ ಅಧ್ಯಾಯದ 92ನೆಯ ಸೂಕ್ತ ಸ್ಪಷ್ಟವಾಗಿ ವಿಧಿಸಿದೆ. ವಿಶ್ವಾಸಿಯಾದ ಒಬ್ಬ ಗುಲಾಮನನ್ನು ಬಿಡುಗಡೆ ಮಾಡಬೇಕು. ಮೃತನ ವಾರಸುದಾರರಿಗೆ ರಕ್ತಪರಿಹಾರ ಅಂದರೆ ದಿಯತ್ ಸಲ್ಲಿಸಬೇಕು. ಅವರು ಅದನ್ನು ದಾನವೆಂದು ಬಿಟ್ಟುಕೊಟ್ಟರೆ ಬೇರೆ ಮಾತು. ಗುಲಾಮ ವಿಮೋಚನೆಗೆ ದಾರಿಯಿಲ್ಲದವನು ಎರಡು ತಿಂಗಳು ಎಡೆಬಿಡದೆ ಉಪವಾಸವಿರಬೇಕು. ಇದು ಅಲ್ಲಾಹನ ಕಡೆಯಿಂದ ಬಂದ ತೌಬಾದ ಮಾರ್ಗವೆಂದು ಆ ಸೂಕ್ತ ಕೊನೆಗೊಳ್ಳುತ್ತದೆ.

ಇಲ್ಲಿನ ದೈವಿಕ ಯುಕ್ತಿಯನ್ನು ನೋಡಿರಿ. ಪ್ರಮಾದ ಎಸಗಿದವನ ಮನಸ್ಸಿಗೆ ಏನಾದರೂ ಮಾಡಬೇಕೆಂಬ ತಳಮಳವಿರುತ್ತದೆ. ಏನು ಮಾಡಬೇಕೆಂದು ತಿಳಿಯದಾಗ ಆ ತಳಮಳ ಅವನನ್ನೇ ತಿನ್ನತೊಡಗುತ್ತದೆ. ಶರೀಅತ್ ಅವನ ಕೈಗೆ ಒಂದು ಕೆಲಸವನ್ನು ಕೊಡುತ್ತದೆ, ಅದಕ್ಕೊಂದು ಅಳತೆಯನ್ನು ಕೊಡುತ್ತದೆ. ಎರಡು ತಿಂಗಳು. ಅದಕ್ಕೆ ಆರಂಭವಿದೆ, ಅಂತ್ಯವೂ ಇದೆ. ನಾವು ನಮಗೇ ವಿಧಿಸಿಕೊಳ್ಳುವ ಶಿಕ್ಷೆಗಾದರೋ ಅಂತ್ಯವೇ ಇಲ್ಲ. ಹತ್ತು ವರ್ಷ ಊರಿಗೆ ಬಾರದೆ ಉಳಿಯಬೇಕೆಂದು ಅಲ್ಲಾಹನು ಯಾರಿಗೂ ವಿಧಿಸಿಲ್ಲ.

ಇನ್ನೊಂದು ವಿಷಯವನ್ನೂ ಗಮನಿಸಿರಿ. ಪ್ರಮಾದದ ಕೊಲೆಯಲ್ಲಿ ದಿಯತ್‌ನ ಹೊರೆ ಆ ಒಬ್ಬನ ಹೆಗಲ ಮೇಲೆ ಬೀಳುವುದಿಲ್ಲ. ‘ಆಕಿಲಾ’ ಅಂದರೆ ಅವನ ತಂದೆಯ ಕಡೆಯ ಬಂಧುಗಳು ಅದನ್ನು ಹಂಚಿಕೊಂಡು ಮೂರು ವರ್ಷಗಳ ಅವಧಿಯಲ್ಲಿ ತೀರಿಸಬೇಕೆಂದು ಫಿಕ್‌ಹ್‌ನ ಇಮಾಮರು ವಿವರಿಸಿದ್ದಾರೆ. ಬೇಕೆಂದೇ ಕೊಂದವನಿಗೆ ಈ ನೆರವಿಲ್ಲ. ಕೈ ತಪ್ಪಿ ನಡೆದುಹೋದ ದುರಂತದಲ್ಲಿ ಮಾತ್ರ, ನಿಮ್ಮವನನ್ನು ಒಂಟಿಯಾಗಿ ಬಿಡಬೇಡಿರೆಂದು ಕುಟುಂಬಕ್ಕೇ ಹೊಣೆ ಹೊರಿಸಲಾಗಿದೆ. ಹೀಗಿರುವಾಗ, ಕುಟುಂಬದಿಂದ ಓಡಿಹೋಗುವವನು ಯಾವ ಹೆಗಲುಗಳನ್ನು ಅಲ್ಲಾಹನು ತನಗಾಗಿ ಸಿದ್ಧಪಡಿಸಿರುವನೋ ಅವುಗಳಿಂದಲೇ ಓಡಿಹೋಗುತ್ತಿದ್ದಾನೆ.

ಎಲ್ಲ ದುರಂತಗಳಿಗೂ ಒಂದೇ ವಿಧಿ ಅನ್ವಯಿಸುವುದಿಲ್ಲ. ವಾಹನ ನಡೆಸಿದವನ ಸ್ಥಿತಿ ಬೇರೆ, ಮಗುವನ್ನು ಒಂದು ಕ್ಷಣ ಬಿಟ್ಟು ಒಳಗೆ ಹೋದ ತಾಯಿಯ ಸ್ಥಿತಿ ಬೇರೆ. ಆದ್ದರಿಂದ ನಂಬಿಗಸ್ತ ಆಲಿಮರೊಬ್ಬರ ಬಳಿ ನಡೆದುದನ್ನು ನಡೆದಂತೆಯೇ ಹೇಳಿ, ನಿಮ್ಮ ಮೇಲೆ ಏನಿದೆ, ಏನಿಲ್ಲ ಎಂದು ಕೇಳಿ ತಿಳಿಯಿರಿ. ‘ಏನೂ ಇಲ್ಲ’ ಎಂದು ಅವರು ಹೇಳಿದರೆ ಅದನ್ನೂ ನಂಬಿರಿ. ದೇಶದ ಕಾನೂನಿನಂತೆ ಮೊಕದ್ದಮೆಯಿದ್ದರೆ ಬಂದು ಎದುರಿಸಿರಿ. ಮೃತರ ಮಡದಿ ಮಕ್ಕಳಿಗೆ ವಿಮೆಯಿಂದಲೋ ನ್ಯಾಯಮಂಡಳಿಯಿಂದಲೋ ಬರಬೇಕಾದ ಪರಿಹಾರಕ್ಕೆ ನಿಮ್ಮ ಗೈರುಹಾಜರಿ ಅಡ್ಡಿಯಾಗದಿರಲಿ. ಹಕ್ಕು ತೀರಿಸುವುದು ದೂರದಿಂದ ಕಣ್ಣೀರು ಹಾಕುವುದಕ್ಕಿಂತ ಶ್ರೇಷ್ಠ.

‘ಹಾಗೆ ಮಾಡಿದ್ದರೆ’ ಎಂಬ ಬಾಗಿಲು

ಆ ರಾತ್ರಿ ಅಲ್ಲೇ ತಂಗಿದ್ದರೆ! ಹಾಲು ಉಕ್ಕಿದರೆ ಉಕ್ಕಲಿ ಎಂದು ಬಿಟ್ಟಿದ್ದರೆ! ಬಾವಿಗೆ ಕಟ್ಟೆ ಕಟ್ಟಿಸಿದ್ದರೆ! ನಿದ್ರೆಯಿಲ್ಲದ ರಾತ್ರಿಗಳಲ್ಲಿ ಮನಸ್ಸು ಈ ಬಾಗಿಲನ್ನೇ ಮತ್ತೆ ಮತ್ತೆ ತಟ್ಟುತ್ತದೆ. ಪ್ರವಾದಿವರ್ಯರು(ಸ) ಇದನ್ನು ಮೊದಲೇ ಬಲ್ಲವರಾಗಿದ್ದರು. ನಿನಗೆ ಪ್ರಯೋಜನವಾಗುವುದಕ್ಕೆ ಆಸೆಪಡು, ಅಲ್ಲಾಹನ ನೆರವು ಬೇಡು, ಕೈಚೆಲ್ಲಿ ಕೂರಬೇಡ ಎಂದು ಉಪದೇಶಿಸಿದ ಅವರು, ವಿಪತ್ತು ಬಂದಾಗ ‘ಹಾಗೆ ಮಾಡಿದ್ದರೆ ಹೀಗಾಗುತ್ತಿತ್ತು’ ಎನ್ನಬಾರದೆಂದೂ, ಅಲ್ಲಾಹನು ವಿಧಿಸಿದ್ದು, ಅವನು ಇಚ್ಛಿಸಿದ್ದನ್ನು ಮಾಡಿದನು ಎನ್ನಬೇಕೆಂದೂ ತಿಳಿಸಿದರು. ಏಕೆಂದರೆ ಆ ‘ಮಾಡಿದ್ದರೆ’ ಎಂಬ ಮಾತು ಶೈತಾನನ ಕೆಲಸಕ್ಕೆ ಬಾಗಿಲು ತೆರೆಯುತ್ತದೆ (ಮುಸ್ಲಿಮ್).

ಇಲ್ಲಿ ಒಂದು ಸೂಕ್ಷ್ಮವಿದೆ. ವಿಧಿಯ ಮೇಲಿನ ವಿಶ್ವಾಸವು ಅಜಾಗರೂಕತೆಗೆ ನೆಪವಲ್ಲ. ಇನ್ನು ಮುಂದೆ ನಿದ್ರೆಗಣ್ಣಿನಲ್ಲಿ ವಾಹನ ನಡೆಸಬಾರದು, ಬಾವಿಗೆ ಕಟ್ಟೆ ಕಟ್ಟಿಸಬೇಕು. ಮೂಸಾ(ಅ) ಕೂಡ ಕ್ಷಮೆ ದೊರೆತ ಕೂಡಲೇ, ಇನ್ನೆಂದೂ ಅಪರಾಧಿಗಳ ಬೆಂಬಲಿಗನಾಗಲಾರೆನೆಂದು ಮಾತು ಕೊಟ್ಟರು. ನಡೆದುದರಿಂದ ಪಾಠ ಕಲಿಯುವವನು ಮುಂದಕ್ಕೆ ನೋಡುತ್ತಾನೆ. ‘ಮಾಡಿದ್ದರೆ’ ಎನ್ನುವವನು ಹಿಂದಕ್ಕೇ ನೋಡುತ್ತಾ ನಿಂತಿರುತ್ತಾನೆ.

ಅಳಬಾರದೆಂದೂ ನಮ್ಮ ಧರ್ಮ ಹೇಳಿಲ್ಲ. ಪುಟ್ಟ ಮಗ ಇಬ್ರಾಹೀಮ್‌ರು ತೀರಿಕೊಂಡಾಗ ಪ್ರವಾದಿವರ್ಯರ(ಸ) ಕಣ್ಣುಗಳು ತುಂಬಿ ಹರಿದವು. ಕಣ್ಣು ಅಳುತ್ತದೆ, ಹೃದಯ ನೋಯುತ್ತದೆ, ಆದರೆ ಒಡೆಯನು ಮೆಚ್ಚುವ ಮಾತನ್ನಷ್ಟೇ ನಾವಾಡುತ್ತೇವೆ ಎಂಬುದು ಅಂದು ಅವರ ಮಾತಿನ ಸಾರವಾಗಿತ್ತು (ಬುಖಾರಿ).

ಮರಳುವ ಘಳಿಗೆ

ಮೂಸಾ(ಅ) ಊರು ಬಿಟ್ಟದ್ದು ತಪ್ಪಲ್ಲ. ಅವರನ್ನು ಕೊಲ್ಲಲು ಪ್ರಮುಖರು ಸಂಚು ಹೂಡುತ್ತಿದ್ದಾರೆಂದು ಹಿತೈಷಿಯೊಬ್ಬನು ಪಟ್ಟಣದ ತುದಿಯಿಂದ ಓಡಿ ಬಂದು ಎಚ್ಚರಿಸಿದ್ದನು. ನಮ್ಮಲ್ಲಿಯೂ ದುರಂತದ ನಂತರ ಕೆಲಕಾಲ ದೂರವಿರುವುದು ಅನಿವಾರ್ಯವಾಗಬಹುದು. ಮದ್‌ಯನ್‌ನಲ್ಲಿಯೂ ಅವರು ಸುಮ್ಮನೆ ಕೊರಗುತ್ತಾ ಕೂರಲಿಲ್ಲ. ದಣಿದು, ಏನೂ ಇಲ್ಲದವರಾಗಿ ಅಲ್ಲಿಗೆ ತಲುಪಿದ ಅವರು ಮಾಡಿದ ಮೊದಲ ಕೆಲಸವೇ ಇಬ್ಬರು ಹೆಣ್ಣುಮಕ್ಕಳ ಕುರಿಗಳಿಗೆ ನೀರು ಕುಡಿಸಿದ್ದು. ಆಮೇಲೆ ನೆರಳಿಗೆ ಸರಿದು, ಒಡೆಯಾ, ನೀನು ಯಾವ ಒಳಿತನ್ನು ಇಳಿಸಿದರೂ ಅದರ ಅಗತ್ಯ ನನಗಿದೆ ಎಂಬರ್ಥದಲ್ಲಿ ಪ್ರಾರ್ಥಿಸಿದರು (ಅಲ್ ಕಸಸ್: 24). ಎಂಟು ವರ್ಷ, ಬೇಕಾದರೆ ಹತ್ತು ವರ್ಷ ದುಡಿಯುವ ಕರಾರಾಯಿತು. ಅವುಗಳಲ್ಲಿ ಹೆಚ್ಚಿನ ಅವಧಿಯನ್ನೇ ಅವರು ಪೂರೈಸಿದರೆಂದು ಇಬ್ನು ಅಬ್ಬಾಸ್(ರ) ಹೇಳಿರುವುದು ಬುಖಾರಿಯಲ್ಲಿದೆ.

ಆದರೆ ಮದ್‌ಯನ್ ತಂಗುದಾಣವಾಗಿತ್ತು, ಗುರಿಯಾಗಿರಲಿಲ್ಲ. ಅವಧಿ ಮುಗಿದಾಗ ಅವರು ಮಡದಿಯೊಂದಿಗೆ ಹೊರಟರು. ತೂರ್‌ನ ಬಳಿ ಬೆಂಕಿ ಕಂಡಿತು, ಆದೇಶ ಬಂತು: ಫಿರ್‌ಔನನ ಬಳಿಗೆ ಹೋಗು. ಎಲ್ಲಿ ಆ ಸಾವು ನಡೆದಿತ್ತೋ ಅಲ್ಲಿಗೇ! ಮೂಸಾ(ಅ) ತಮ್ಮ ಭಯವನ್ನು ಬಚ್ಚಿಡಲಿಲ್ಲ. ಅವರಲ್ಲೊಬ್ಬನನ್ನು ನಾನು ಕೊಂದಿರುವೆನು, ಅವರು ನನ್ನನ್ನು ಕೊಲ್ಲಬಹುದು ಎಂದು ಬಾಯಿಬಿಟ್ಟು ಹೇಳಿದರು. ನನ್ನ ಸಹೋದರ ಹಾರೂನ್ ನನಗಿಂತ ಚೆನ್ನಾಗಿ ಮಾತನಾಡಬಲ್ಲನು, ಅವನನ್ನು ನೆರವಿಗೆ ಕೊಡು ಎಂದೂ ಬೇಡಿದರು. ಅಲ್ಲಾಹನು ಭಯಪಟ್ಟದ್ದಕ್ಕಾಗಿ ಅವರನ್ನು ಗದರಿಸಲಿಲ್ಲ. ಸಹೋದರನ ಮೂಲಕ ನಿನ್ನ ತೋಳಿಗೆ ಬಲ ಕೊಡುವೆನೆಂದು ಭರವಸೆ ನೀಡಿದನು (ಅಲ್ ಕಸಸ್: 33-35).

ಮರಳಿ ಬರಲು ಅಂಜುವ ನನ್ನ ಸಹೋದರನೇ, ನಿನಗೂ ಒಬ್ಬ ಹಾರೂನ್ ಬೇಕು. ತಾಯಿಯ ಎದುರು ನಿಂತಾಗ, ತಮ್ಮನ ವಿಧವೆಯ ಮನೆಯ ಮೆಟ್ಟಿಲೇರುವಾಗ ನಾಲಿಗೆ ತೊಡರುತ್ತದೆ. ಮಾತು ಬಲ್ಲ ಒಬ್ಬ ಅಣ್ಣನನ್ನೋ ಮಾವನನ್ನೋ ಮೊಹಲ್ಲಾದ ಖತೀಬರನ್ನೋ ಮೊದಲು ಸಂಪರ್ಕಿಸು. ಅವರು ಹೋಗಿ ಮಾತನಾಡಲಿ, ಮನಸ್ಸುಗಳನ್ನು ಸಿದ್ಧಪಡಿಸಲಿ. ನೀನು ಅವರ ಜೊತೆಯಲ್ಲಿ ಹೋಗು. ಪ್ರವಾದಿಯೇ ನೆರವು ಕೇಳಿರುವಾಗ ನಿನಗೇಕೆ ಸಂಕೋಚ?

ಊರಿನಲ್ಲಿ ಚುಚ್ಚು ಮಾತು ಕೇಳಬೇಕಾದೀತೆಂಬ ಭಯವೂ ಸುಳ್ಳಲ್ಲ. ಫಿರ್‌ಔನನು ಮೊದಲು ಎತ್ತಿದ್ದೇ ಹಳೆಯ ಮಾತನ್ನು. ನಿನ್ನನ್ನು ಸಾಕಿ ಬೆಳೆಸಿದೆವು, ನೀನು ಮಾಡಿದ್ದು ಆ ಕೃತ್ಯವನ್ನು ಎಂದು ತುಂಬಿದ ಸಭೆಯಲ್ಲಿ ಹಂಗಿಸಿದನು. ಮೂಸಾ(ಅ) ಅಲ್ಲಗಳೆಯಲಿಲ್ಲ, ಸಿಟ್ಟಾಗಲಿಲ್ಲ, ಕುಸಿಯಲೂ ಇಲ್ಲ. ಹೌದು, ಆಗ ನಾನದನ್ನು ಮಾಡಿದೆ, ಅರಿಯದೆ ಮಾಡಿದೆ ಎಂದರು. ಬಳಿಕ ನನ್ನ ಒಡೆಯನು ನನಗೆ ಜ್ಞಾನವನ್ನು ದಯಪಾಲಿಸಿದನು ಎಂದು ತಮ್ಮ ಕರ್ತವ್ಯಕ್ಕೆ ಮರಳಿದರು (ಅಶ್ಶುಅರಾ: 18-21). ಕ್ಷಮೆಯನ್ನು ಪಡೆದ ಹೃದಯದ ಲಕ್ಷಣ ಇದುವೇ. ಅದು ನಡೆದುದನ್ನು ಮುಚ್ಚಿಡುವುದಿಲ್ಲ, ಅದರಡಿ ಹೂತುಹೋಗುವುದೂ ಇಲ್ಲ.

ಕ್ಷಮೆಯೆಂದರೆ ಮರೆವು ಎಂದು ತಿಳಿಯುವುದೂ ಬೇಡ. ಪ್ರಳಯದ ದಿನ ಜನರು ಶಿಫಾರಸ್ಸಿಗಾಗಿ ಮೂಸಾ(ಅ)ರ ಬಳಿಗೆ ಬಂದಾಗ, ಆದೇಶವಿಲ್ಲದೆ ಒಬ್ಬನ ಪ್ರಾಣ ತೆಗೆದಿದ್ದೆನೆಂದು ಅವರು ಅಂದೂ ನೆನೆದು ಹಿಂಜರಿಯುವರೆಂದು ಪ್ರವಾದಿವರ್ಯರು(ಸ) ತಿಳಿಸಿರುವರು (ಬುಖಾರಿ, ಮುಸ್ಲಿಮ್). ಕ್ಷಮೆ ದೊರೆತಿದೆಯೆಂದು ಕುರ್‌ಆನೇ ಸಾರಿದ ಪ್ರವಾದಿಯ ಎದೆಯಲ್ಲಿಯೂ ಆ ನೆನಪು ಉಳಿಯಿತು. ಆದರೆ ಆ ನೆನಪು ಅವರನ್ನು ಈಜಿಪ್ಟಿಗೆ ಮರಳದಂತೆ ತಡೆಯಲಿಲ್ಲ, ಬನೀ ಇಸ್ರಾಈಲರನ್ನು ಸಮುದ್ರ ದಾಟಿಸದಂತೆ ತಡೆಯಲಿಲ್ಲ. ನಿನ್ನ ನೆನಪೂ ನಿನ್ನೊಂದಿಗೆ ಇರಲಿ. ನಿನ್ನ ತಾಯಿಯ ಸೇವೆಗೆ, ತಮ್ಮನ ಅನಾಥ ಮಕ್ಕಳ ತಲೆ ಸವರುವುದಕ್ಕೆ ಅದು ಅಡ್ಡ ಬಾರದಿರಲಿ.

ಮನೆಯಲ್ಲಿರುವವರಿಗೆ

ಇನ್ನು ಬಾಗಿಲ ಒಳಗಿರುವವರಿಗೊಂದು ಮಾತು. ಮರಳಿ ಬರುವವನಿಗೆ ಅರ್ಧ ದಾರಿ ನಡೆಯುವುದು ಕಷ್ಟ. ಇನ್ನರ್ಧ ದಾರಿಯನ್ನು ನೀವು ನಡೆಯಬೇಕು.

ಹಿಜರಿ 9ರ ತಬೂಕ್ ಯುದ್ಧಕ್ಕೆ ಹೋಗದೆ ಹಿಂದುಳಿದ ಕಅಬ್ ಬಿನ್ ಮಾಲಿಕ್(ರ) ಮತ್ತು ಅವರ ಇಬ್ಬರು ಸಂಗಡಿಗರನ್ನು ಐವತ್ತು ದಿನಗಳ ಕಾಲ ಯಾರೂ ಮಾತನಾಡಿಸಲಿಲ್ಲ. ಭೂಮಿ ವಿಶಾಲವಾಗಿದ್ದೂ ಅವರಿಗೆ ಇಕ್ಕಟ್ಟಾಯಿತು, ಅವರ ಜೀವವೇ ಅವರಿಗೆ ಇಕ್ಕಟ್ಟಾಯಿತು ಎಂದು ಕುರ್‌ಆನ್ ಅವರ ಸ್ಥಿತಿಯನ್ನು ಚಿತ್ರಿಸಿದೆ (ಅತ್ತೌಬಾ: 118). ಕೊನೆಗೆ ಅಲ್ಲಾಹನ ಕ್ಷಮೆಯ ವಾರ್ತೆ ಬಂದು ಕಅಬ್(ರ) ಮಸೀದಿಗೆ ಹೋದಾಗ, ತಲ್ಹಾ ಬಿನ್ ಉಬೈದುಲ್ಲಾಹ್(ರ) ಕುಳಿತಲ್ಲಿಂದ ಎದ್ದು ಓಡಿ ಬಂದು ಅವರ ಕೈ ಹಿಡಿದು ಅಭಿನಂದಿಸಿದರು. ತಲ್ಹಾರ ಆ ಉಪಕಾರವನ್ನು ಕಅಬ್(ರ) ಜೀವಮಾನವಿಡೀ ಮರೆಯಲಿಲ್ಲ (ಬುಖಾರಿ). ಎದ್ದು ಹೋಗಿ ಕೈ ಹಿಡಿಯಲು ಏನು ಖರ್ಚು? ನಿಮ್ಮ ಮನೆಯ ತಲ್ಹಾ ಯಾರಾಗುವರು ಎಂದು ಇಂದೇ ನಿರ್ಧರಿಸಿರಿ.

ಯೂಸುಫ್(ಅ)ರನ್ನು ಸಹೋದರರು ಬೇಕೆಂದೇ ಬಾವಿಗೆ ತಳ್ಳಿದ್ದರು. ಆದರೂ ಅವರು ತಪ್ಪೊಪ್ಪಿಕೊಂಡಾಗ, ಇಂದು ನಿಮ್ಮ ಮೇಲೆ ಯಾವ ಆಕ್ಷೇಪವೂ ಇಲ್ಲವೆಂದು ಯೂಸುಫ್(ಅ) ಹೇಳಿದರು. ಮುಂದೆ ತಂದೆ ತಾಯಿಯ ಸಮ್ಮುಖದಲ್ಲಿ ಅಲ್ಲಾಹನ ಅನುಗ್ರಹಗಳನ್ನು ನೆನೆಯುವಾಗ ಸೆರೆಮನೆಯಿಂದ ಬಿಡುಗಡೆಯಾದದ್ದನ್ನು ಹೇಳಿದರೇ ಹೊರತು ಬಾವಿಯಿಂದ ಪಾರಾದದ್ದನ್ನು ಹೇಳಲಿಲ್ಲ (ಯೂಸುಫ್: 92, 100). ಪಕ್ಕದಲ್ಲಿದ್ದ ಸಹೋದರರು ನಾಚದಿರಲೆಂದು ಅವರು ಬಾವಿಯ ಮಾತೆತ್ತಲಿಲ್ಲವೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಬೇಕೆಂದೇ ಮಾಡಿದವರ ಮುಂದೆ ಒಬ್ಬ ಪ್ರವಾದಿ ಬಾವಿಯ ಮಾತೆತ್ತಲಿಲ್ಲ. ಹಾಗಿರುವಾಗ, ಅರಿಯದೆ ಮಗುವನ್ನು ಕಳೆದುಕೊಂಡ ಸೊಸೆಯ ಮುಂದೆ ನಾವು ಪ್ರತಿ ಊಟದಲ್ಲೂ ಬಾವಿಯ ಮಾತೆತ್ತಬಹುದೇ? ಅತ್ತೆಯಂದಿರೇ, ನಾದಿನಿಯರೇ, ಈ ಪ್ರಶ್ನೆಗೆ ನಿಮ್ಮ ಅಂತಃಸಾಕ್ಷಿಯೇ ಉತ್ತರ ಕೊಡಲಿ.

ಮಾತು ಸಾಲದೆಡೆ ಊಟ ಮಾತನಾಡುತ್ತದೆ. ಮನೆಯಲ್ಲಿ ಸಾವು ಸಂಭವಿಸಿ, ಬಂದ ಹೆಂಗಸರು ಚದುರಿ ಮನೆಯವರಷ್ಟೇ ಉಳಿದಾಗ ಹಝ್ರತ್ ಆಯಿಶಾ(ರ) ‘ತಲ್‌ಬೀನಾ’ ಎಂಬ ತೆಳು ಗಂಜಿಯನ್ನು ಮಾಡಿಸುತ್ತಿದ್ದರು. ಅದು ನೊಂದ ಹೃದಯಕ್ಕೆ ನೆಮ್ಮದಿ ಕೊಡುತ್ತದೆ, ದುಃಖವನ್ನು ಸ್ವಲ್ಪ ನೀಗಿಸುತ್ತದೆ ಎಂದು ಪ್ರವಾದಿವರ್ಯರಿಂದ(ಸ) ಅವರು ಕೇಳಿದ್ದರು (ಬುಖಾರಿ). ಮದೀನಾದ ಒಲೆಯ ಮೇಲೆ ಬೆಂದ ಆ ಗಂಜಿಯ ಹಿಂದಿರುವ ಕರುಣೆಯನ್ನು ನಮ್ಮ ಅಡುಗೆಮನೆಗಳೂ ಕಲಿಯಲಿ. ಮರಳಿ ಬಂದವನಿಗೆ ಮೊದಲು ಪ್ರಶ್ನೆ ಬಡಿಸಬೇಡಿರಿ, ಗಂಜಿ ಬಡಿಸಿರಿ.

ಪ್ರಿಯ ಓದುಗರೇ, ತಾಯಿಯ ಕಣ್ಣು ತಂಪಾಗಲೆಂದು ಮಗುವನ್ನು ನದಿಯಿಂದ ಮಡಿಲಿಗೆ ಮರಳಿಸಿದ ಅಲ್ಲಾಹನಿಗೆ, ದೊಡ್ಡ ಮಗನನ್ನು ಕಡಲಾಚೆಯಿಂದ ಮರಳಿಸುವುದು ಕಷ್ಟವಲ್ಲ. ಕಷ್ಟವಿರುವುದು ಆ ಮಗನು ಎದ್ದು ಹೊರಡುವುದರಲ್ಲಿ ಮಾತ್ರ. ಎರಡು ರಕ್‌ಅತ್ ನಮಾಝ್ ನಿರ್ವಹಿಸಿರಿ. ಮೂಸಾ(ಅ)ರಂತೆ ಒಡೆಯನ ಮುಂದೆ ಒಪ್ಪಿಕೊಳ್ಳಿರಿ. ತೀರಿಸಬೇಕಾದುದನ್ನು ತೀರಿಸಲು ಆರಂಭಿಸಿರಿ. ಆಮೇಲೆ ತಡಮಾಡದೆ ಮನೆಗೆ ಫೋನು ಮಾಡಿ, ಬರುತ್ತಿದ್ದೇನೆ ಎಂದು ಹೇಳಿರಿ. ಉಮ್ಮ ಅತ್ತರೆ ಈ ಬಾರಿ ಸಂಪರ್ಕ ಕಡಿಯಬೇಡಿರಿ.

ಕರುಣಾಮಯನಾದ ಅಲ್ಲಾಹನೇ, ನಮ್ಮಿಂದ ಅರಿತೋ ಅರಿಯದೆಯೋ ನಡೆದ ತಪ್ಪುಗಳನ್ನು ಕ್ಷಮಿಸು. ನಮ್ಮನ್ನು ಅಗಲಿದವರಿಗೆ ನಿನ್ನ ಸ್ವರ್ಗದಲ್ಲಿ ನೆಲೆ ನೀಡು. ದೂರ ಉಳಿದವರನ್ನು ಅವರ ಮನೆಗಳಿಗೆ ಮರಳಿಸು, ಅವರಿಗಾಗಿ ಕಾದಿರುವ ಕಣ್ಣುಗಳನ್ನು ತಂಪಾಗಿಸು. ಆಮೀನ್.